ಇಲ್ಲದ ಕಂಬದ ಸುತ್ತ

ಹಿಟ್ಟು ತೊಳಸುವಾಗ ಯಾರು ಕರೆದರೂ ಓಗೊಡಬಾರದು. ಪಾತ್ರೆಯನ್ನು ಕೆಳಗಿಳಿಸಿ, ಅದುಮಿ ಹಿಡಿದು, ಕೋಲು ಹಾಕಿ ತಿರುವಲು ಶುರು ಮಾಡಿದರೆ ಮುದ್ದೆ ಹದಕ್ಕೆ ಬರುವ ತನಕ ಕೈ ನಿಲ್ಲಕೂಡದು. ಗುಂಡ್ಲುಪೇಟೆಯ ಈ ಮನೆಗೆ ಸೊಸೆಯಾಗಿ ಬಂದ ಮೊದಲ ವಾರವೇ ಸುಧಾಮಣಿಗೆ ಅತ್ತೆ ದೊಡ್ಡಮಲ್ಲಮ್ಮ ಹೇಳಿಕೊಟ್ಟ ಪಾಠ ಅದು. ಆ ಭಾನುವಾರ ಬೆಳಗ್ಗೆ ಅರ್ಧ ತಿರುವಿದ್ದಾಗ ಫೋನು ಬಡಿದುಕೊಂಡಿತು. ಮಗಳ ಡ್ಯಾನ್ಸ್ ಮಿಸ್ಸು, ಕಾವ್ಯಶ್ರೀ. ಸುಧಾಮಣಿ ಕೋಲು ಬಿಟ್ಟು ಎದ್ದಳು.

“ಅಕ್ಕ, ನಿನ್ನೆ ರಿಹರ್ಸಲ್ ವಿಡಿಯೋ ಈಗ ನೋಡ್ತಿದ್ದೆ. ಹೂ ಹಿಡ್ಕೊಂಡು ಮುಂದೆ ಬರೋ ಕಡೆ ಐದು ಮಕ್ಕಳು ನೆಟ್ಟಗೆ ಬರ್ತಾರೆ. ಶಿವಾನಿ ಒಬ್ಬಳು ಬಲಕ್ಕೆ ಸರಿದು, ಏನನ್ನೋ ಬಳಸ್ಕೊಂಡು ಬರ್ತಾಳೆ. ಅಲ್ಲೇನಿದೆ ಅಂತ ಬಳಸ್ತಾಳೋ ಗೊತ್ತಿಲ್ಲ. ನಾನಂತೂ ಹೇಳ್ಕೊಟ್ಟಿಲ್ಲ.”

ಅಲ್ಲೇನಿದೆ ಎಂಬುದು ಸುಧಾಮಣಿಗೆ ಆ ಕ್ಷಣಕ್ಕೇ ಹೊಳೆದಿತ್ತು.

“ಸಂಜೆಯೊಳಗೆ ಸರಿ ಮಾಡ್ಸಿ ಅಕ್ಕ. ಇಲ್ಲಾಂದ್ರೆ ಹಿಂದಿನ ಸಾಲಿಗೆ ಹಾಕ್ಬೇಕಾಗುತ್ತೆ. ಆಮೇಲೆ ಇವತ್ತಾದ್ರೂ ನೀವೇ ಜೊತೆಗೆ ಬನ್ನಿ. ಪ್ರತಿ ಸಲ ವ್ಯಾನಿನಲ್ಲಿ ಮಗೂನ ಕಳಿಸ್ಬಿಟ್ಟು ಕೂತ್ಕೋತೀರಿ.”

ಅಷ್ಟರಲ್ಲಿ ದೊಡ್ಡಮಲ್ಲಮ್ಮ ಪಾತ್ರೆಯೊಳಗೆ ಇಣುಕಿ ನೋಡಿದ್ದರು. “ನೋಡವ್ವ, ಗಂಟಾಗ್ಬುಡ್ತು. ಅರ್ಧಕ್ಕೆ ಕೈ ಬುಟ್ರೆ ಗಂಟಾಗ್ದೆ ಇನ್ನೇನಾದದು. ಇವತ್ತು ಗೋಲಿ ನುಂಗ್ದಂಗೆ ನುಂಗನ ಬುಡು.”

ಶಿವಾನಿ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಹತ್ತು ವರ್ಷದ ಹುಡುಗಿ, ಮೂರು ವಾರದಿಂದ ಮುಂದಿನ ಸಾಲಿನ ಕನಸಿನಲ್ಲೇ ಇದ್ದವಳು. “ಅಮ್ಮಾ, ನೀನೇ ಹಂಗೆ ತೋರ್ಸಿದ್ದು,” ಎಂದಳು.

ಹೌದು, ಅವಳೇ ತೋರಿಸಿದ್ದು. ಹೋದ ತಿಂಗಳು ನಡುಮನೆಯಲ್ಲಿ ಮಗಳು ಅಭ್ಯಾಸ ಮಾಡುವಾಗ, ಅವರೆಕಾಯಿ ಸುಲಿಯುತ್ತ ಕೂತಿದ್ದವಳಿಗೆ ಸುಮ್ಮನಿರಲಾಗಲಿಲ್ಲ. ಮೊರ ಪಕ್ಕಕ್ಕಿಟ್ಟು, ಸೆರಗು ಸಿಕ್ಕಿಸಿ, ಕೈಯಲ್ಲಿ ಹೂವಿದ್ದಂತೆ ಬೆರಳು ಮಡಿಸಿ ನಾಲ್ಕು ಹೆಜ್ಜೆ ಇಟ್ಟಿದ್ದಳು. ಎಲ್ಲಿ ಕಲಿತೆ ಎಂದು ಮಗಳು ಕಣ್ಣರಳಿಸಿದಾಗ “ಟಿ.ವಿ. ನೋಡಿ” ಎಂದು ಮತ್ತೆ ಅವರೆಕಾಯಿ ಎತ್ತಿಕೊಂಡಿದ್ದಳು. ಕಾಲು ಮಾತ್ರ ಸುಳ್ಳು ಹೇಳಿರಲಿಲ್ಲ.

ಸುಧಾಮಣಿ ರಾಗಿ ಹಿಟ್ಟು ಒಂದು ಹಿಡಿ ತೆಗೆದುಕೊಂಡು ನಡುಮನೆಯ ಗಾರೆಯ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದಳು.

“ಇದರ ಮೇಲೇ ನಡಿ. ಆ ಕಡೆ ಈ ಕಡೆ ಹೋಗ್ಬೇಡ.”

ಮೊದಲ ಸಲ ಮಗಳ ಕಾಲು ತಾನಾಗಿ ಬಲಕ್ಕೆ ಹೊರಳಿತು. ಎರಡನೆಯ ಸಲವೂ ಅದೇ. ಏಳನೆಯ ಸಲಕ್ಕೆ ಗೆರೆ ಹಿಡಿಯಿತು. ದೊಡ್ಡಮಲ್ಲಮ್ಮ ಗಂಟು ಮುದ್ದೆಯನ್ನು ಉಪ್ಸಾರಿನಲ್ಲಿ ಅದ್ದುತ್ತ, “ಬಂಡಿ ಎತ್ತ ಪಳಗಿಸ್ದಂಗೆ ಪಳಗಿಸ್ತಾಳೆ ಕೂಸ್ನ,” ಎಂದರು.

ಹತ್ತನೆಯ ಸಲ ಮುಗಿದ ಮೇಲೆ ಶಿವಾನಿ ತಿಂಡಿಗೆ ಓಡಿದಳು. ಅಡುಗೆಮನೆ ಬಾಗಿಲ ತನಕ ಹೋದವಳು ವಾಪಸು ಬಂದು, ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡಳು. “ಮರ್ತೇ ಹೋಗಿತ್ತು. ಕೊನೇ ನಮಸ್ಕಾರ ಮಾಡ್ದೆ ಎದ್ದು ಹೋದ್ರೆ ಕ್ಲಾಸು ಮುಗ್ದಂಗೇ ಅಲ್ವಂತೆ. ಮಿಸ್ ಹೇಳ್ತಾರೆ. ಶುರುನಲ್ಲಿ, ತುಳೀತೀನಿ ಭೂಮ್ತಾಯಿ ಅಂತ. ಕೊನೇಲಿ, ತುಳಿದೆ, ಕ್ಷಮಿಸು ಅಂತ.”

“ಗೊತ್ತು,” ಎಂದಳು ಸುಧಾಮಣಿ. ಟಿ.ವಿ. ನೋಡಿ ಎಂದು ಈ ಸಲ ಸೇರಿಸಲಿಲ್ಲ.

ಅತ್ತೆ ಕೈ ತೊಳೆದುಕೊಳ್ಳುತ್ತ, “ನೀನೂ ಓಗ್ಬಾ ಕಣವ್ವ. ಸಾರು ನಾ ಕಾಯಿಸ್ಕತೀನಿ. ತವರೂರಿಗೆ ಓಗಕೆ ಇಷ್ಟು ಹಿಂದೆಮುಂದೆ ನೋಡೋಳ್ನ ನಾ ಕಾಣೆ,” ಎಂದರು.

ಹೋಗಬೇಕಾದದ್ದು ಚಾಮರಾಜನಗರಕ್ಕೆ. ಜಿಲ್ಲೆಯ ನಾಲ್ಕು ನೃತ್ಯಶಾಲೆಗಳು ಸೇರಿ ರಂಗಮಂದಿರದಲ್ಲಿ ದೇವರ ಪದಗಳ ನೃತ್ಯ ಇಟ್ಟುಕೊಂಡಿದ್ದವು. ಆಹ್ವಾನಪತ್ರಿಕೆಯ ಮೊದಲ ಸಾಲಿನಲ್ಲೇ ಹಿರಿಯ ನೃತ್ಯಗುರು ಗಂಗಾಧರಸ್ವಾಮಿಯವರ ಹೆಸರಿತ್ತು. ಅದನ್ನು ನೋಡಿದ ದಿನದಿಂದ ಸುಧಾಮಣಿಗೆ ಭಾನುವಾರಕ್ಕೆ ಇಲ್ಲದ ಕೆಲಸಗಳೆಲ್ಲ ನೆನಪಾಗುತ್ತಿದ್ದವು.

ಮಧ್ಯಾಹ್ನದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ತೆರಕಣಾಂಬಿ ದಾಟುವಾಗ ಎರಡೂ ಕಡೆ ಚೆಂಡುಹೂವಿನ ಹೊಲ. ಶಿವಾನಿ ಗೆಜ್ಜೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ತಾಯಿಯ ಮುಖವನ್ನೇ ನೋಡುತ್ತಿದ್ದಳು.

“ಅಲ್ಲಿ ಒಂದು ಕಂಬ ಇತ್ತು,” ಎಂದಳು ಸುಧಾಮಣಿ, ಹೊಲದ ಕಡೆ ನೋಡುತ್ತ.

ಚಾಮರಾಜೇಶ್ವರನ ಗುಡಿಯ ಹಿಂದಿನ ಬೀದಿಯಲ್ಲಿ ಗಂಗಾಧರಸ್ವಾಮಿ ಮೇಷ್ಟರ ಮನೆ. ಅದರ ಪಡಸಾಲೆಯೇ ಕ್ಲಾಸು. ಸರಿಯಾಗಿ ನಟ್ಟನಡುವೆ ಮರದ ಕಂಬ. ನೆತ್ತಿಗೆ ಎಣ್ಣೆ ಹಚ್ಚಿಕೊಂಡು ಬರುತ್ತಿದ್ದ ಹುಡುಗಿಯರು ಒರಗಿ ಒರಗಿ ಅದು ಎದೆಮಟ್ಟಕ್ಕೆ ಕಪ್ಪಗೆ ಮಿರಿಮಿರಿ ಮಿಂಚುತ್ತಿತ್ತು. ಮೇಷ್ಟರು ಮೂಲೆಯಲ್ಲಿ ಕೂತು ಮಣೆಯ ಮೇಲೆ ಕೋಲು ತಟ್ಟುತ್ತಿದ್ದರು. ಯಾರಾದರೂ ಕಂಬಕ್ಕೆ ಡಿಕ್ಕಿ ಹೊಡೆದರೆ ಕೋಲು ನಿಲ್ಲಿಸದೆ, “ಅದು ನಿನಗೆ ಅಡ್ಡ ಬಂದಿಲ್ಲ ಕಣಮ್ಮಿ, ನೀನೇ ಅದಕ್ಕೆ ಅಡ್ಡ ಹೋಗಿದ್ದೀಯ. ಎಪ್ಪತ್ತು ವರ್ಷದಿಂದ ಅದು ಅಲ್ಲೇ ಐತೆ,” ಎನ್ನುತ್ತಿದ್ದರು. ಹಾಗಾಗಿ ಹೂ ಹಿಡಿದು ಶಿವನ ಮುಂದೆ ಬರುವಾಗ ಎಲ್ಲರೂ ಬಲಕ್ಕೆ ಸರಿದು, ಕಂಬ ಬಳಸಿ ಬರುತ್ತಿದ್ದರು. ಸ್ಟೇಜಿನ ಮೇಲೆ ಕಂಬ ಇರುತ್ತಿರಲಿಲ್ಲ. ಆದರೂ ಬಳಸುತ್ತಿದ್ದರು. ನೋಡಿದವರು ಅದೇ ಚಾಮರಾಜನಗರದ ಒಯ್ಯಾರ ಎಂದುಕೊಂಡಿದ್ದರು.

ಶಿವಾನಿ ನಕ್ಕಳು. ಆಮೇಲೆ ತಾಯಿಯ ಕಡೆಗೆ ಸರಿದು ಕೂತಳು. ತಾಯಿ ಇನ್ನೂ ಮುಗಿಸಿಲ್ಲ ಎಂದು ಅವಳಿಗೆ ಗೊತ್ತಾಗಿತ್ತು.

“ನಂಗೆ ಹದಿಮೂರು ವರ್ಷ. ಹೂ ಹಿಡ್ಕೊಂಡು ಕಂಬದ ಹತ್ರ ಬಂದಿದ್ದೆ, ಉಡಿಗಾಲದಿಂದ ಸೋದರಮಾವ ಸ್ಕೂಟರಲ್ಲಿ ಬಂದು ಬಾಗಿಲಲ್ಲಿ ನಿಂತ್ರು. ಅಜ್ಜಿ ಬಿದ್ದು ಸೊಂಟ ಮುರ್ಕೊಂಡಿದ್ರು. ಈಗ ಬರ್ತೀನಿ ಮೇಷ್ಟ್ರೇ ಅಂದೆ. ಗೆಜ್ಜೆ ಕೂಡ ಬಿಚ್ಚದೆ ಸ್ಕೂಟರ್ ಹತ್ತಿದೆ. ದಾರಿಯುದ್ದಕ್ಕೂ ಘಲ್ ಘಲ್ ಅಂತಿತ್ತು. ಕೈಲಿದ್ದ ಸೇವಂತಿಗೆ ಎಲ್ಲಿ ಬಿತ್ತೋ ಗೊತ್ತೇ ಆಗ್ಲಿಲ್ಲ.”

“ಆಮೇಲೆ?”

ಆಮೇಲೆ ಅಜ್ಜಿಯನ್ನು ಸುಧಾಮಣಿಯ ಮನೆಗೇ ಕರೆತಂದರು. ಅವ್ವನಿಗೆ ಒಂದು ಕೈ ಬೇಕಿತ್ತು, ಆ ಕೈ ಸುಧಾಮಣಿಯದಾಯಿತು. ಯಾರೂ ನೃತ್ಯ ಬೇಡ ಅನ್ನಲಿಲ್ಲ. ನಾಳೆ ಹೋಗುತ್ತೇನೆ ಎಂದು ಅವಳೇ ಅಂದುಕೊಂಡಳು, ಮುಂದಿನ ಸೋಮವಾರ ಅಂದುಕೊಂಡಳು. ಆರು ತಿಂಗಳಾದ ಮೇಲೆ ಯಾವ ಮುಖ ಹೊತ್ತು ಹೋಗುವುದು ಎಂಬ ಸಂಕೋಚ ಶುರುವಾಯಿತು. ಮೇಷ್ಟರು ಒಮ್ಮೆ ಮನೆಗೇ ಬಂದಿದ್ದರು. ಅವಳು ಬಾಗಿಲ ಹಿಂದೆ ನಿಂತಿದ್ದಳು, ಹೊರಗೆ ಬರಲಿಲ್ಲ. ಕಾಫಿ ಕುಡಿದು ಹೊರಟುಹೋದರು. ಇಂದಿಗೂ ತವರಿಗೆ ಹೋದಾಗ ಗುಡಿಯ ಹಿಂದಿನ ಬೀದಿಯನ್ನು ಬಿಟ್ಟು ಬಳಸಿಕೊಂಡೇ ಹೋಗುತ್ತಾಳೆ.

ಇಷ್ಟನ್ನೂ ಮಗಳಿಗೆ ಹೇಳಿದಳು. ಅದೆಲ್ಲ ಆಗಿ ಇಪ್ಪತ್ತಮೂರು ವರ್ಷವಾಗಿತ್ತು, ಗಂಡ ಸೋಮೇಶನಿಗೂ ಇಷ್ಟು ಹೇಳಿರಲಿಲ್ಲ.

ಶಿವಾನಿ ಹುಬ್ಬು ಗಂಟಿಕ್ಕಿ ಏನನ್ನೋ ಲೆಕ್ಕ ಹಾಕುವಂತೆ ಕೂತಳು. “ಅಮ್ಮಾ, ಹಂಗಾದ್ರೆ…” ಎಂದು ಬಾಯಿ ತೆರೆದಳು.

“ಆಧಾರ್ ಕಾರ್ಡ್ ತೋರ್ಸಿ ಅಕ್ಕ,” ಎಂದು ಕಂಡಕ್ಟರ್ ಬಂದು ನಿಂತ. ಚೀಲದಲ್ಲಿ ಹುಡುಕಿ ತೋರಿಸುವಷ್ಟರಲ್ಲಿ ಬಸ್ಸು ತುಂಬಿಹೋಯಿತು. ಮಾತು ಅಲ್ಲೇ ಉಳಿಯಿತು.

ರಂಗಮಂದಿರದ ಹಿಂದಿನ ಕೋಣೆಯಲ್ಲಿ ಬಣ್ಣ, ಮಲ್ಲಿಗೆ, ಬೆವರಿನ ವಾಸನೆ. ಸುಧಾಮಣಿ ಮೊಣಕಾಲೂರಿ ಮಗಳ ಕಾಲಿಗೆ ಗೆಜ್ಜೆ ಕಟ್ಟಿದಳು. ಬೆರಳುಗಳು ಗಂಟನ್ನು ತಾವಾಗಿಯೇ ಹಾಕಿದವು, ಪಟ್ಟಿಯ ತುದಿ ಒಳಗೆ ಸಿಕ್ಕಿಸಿ, ಹಿಮ್ಮಡಿಗೆ ತಾಗದಂತೆ. ಪಕ್ಕದ ತಾಯಿಯೊಬ್ಬಳು ನೋಡಿ, “ನಮ್ಮವಳಿಗೂ ಒಸಿ ಕಟ್ಟಿಕೊಡಿ ಅಕ್ಕ, ನಾನು ಕಟ್ಟಿದ್ರೆ ಅರ್ಧಕ್ಕೇ ಬಿಚ್ಚೋಯ್ತದೆ,” ಎಂದಳು. ಹಾಗೆ ನಾಲ್ಕು ಮಕ್ಕಳ ಕಾಲುಗಳಾದವು.

ಶಿವಾನಿ ಬಗ್ಗಿ ಅವಳ ಕಿವಿಯ ಹತ್ತಿರ, “ಅಮ್ಮಾ, ನಿನ್ನ…” ಎಂದಳು. ಕಾವ್ಯಶ್ರೀ ಮಿಸ್ ಚಪ್ಪಾಳೆ ತಟ್ಟಿ ಗುಂಡ್ಲುಪೇಟೆಯ ಮಕ್ಕಳನ್ನು ಕರೆದರು. ಹುಡುಗಿ ಮಾತು ನುಂಗಿಕೊಂಡು ಓಡಿದಳು.

ಸುಧಾಮಣಿ ಸಭೆಯ ಹಿಂಬದಿಯಲ್ಲಿ ಗೋಡೆಗೆ ಒರಗಿ ನಿಂತಳು. ಮುಂದಿನ ಸಾಲಿನಲ್ಲಿ ಒಂದು ನರೆತ ತಲೆ, ಭುಜದ ಮೇಲೆ ಶಾಲು, ತೊಡೆಯ ಮೇಲೆ ತಾಳ ಹಾಕುತ್ತಿದ್ದ ಕೈ. ಬೆನ್ನು ಬಾಗಿತ್ತು, ತಾಳ ಬಾಗಿರಲಿಲ್ಲ. ಶಿವಾನಿಯ ಗುಂಪು ಶಿವನ ಪದಕ್ಕೆ ಹೆಜ್ಜೆ ಹಾಕಿತು. ಹೂ ಹಿಡಿದು ಬರುವ ಕಡೆ ಸುಧಾಮಣಿ ಗೋಡೆ ಬಿಟ್ಟು ಮುಂದಕ್ಕೆ ಬಾಗಿದಳು. ಮಗಳು ರಾಗಿ ಹಿಟ್ಟಿನ ಗೆರೆಯ ಮೇಲೆ ನಡೆದಂತೆ ನೆಟ್ಟಗೆ ಬಂದಳು. ಮುಂದಿನ ಸಾಲು ಉಳಿಯಿತು. ತಾಯಿಗೆ ಸಮಾಧಾನವಾಯಿತು. ಸಮಾಧಾನದ ಹಿಂದೆಯೇ, ಮನೆಯ ಹಳೆಯ ಪಾತ್ರೆಯೊಂದನ್ನು ಯಾರಿಗೋ ಕೊಟ್ಟುಬಿಟ್ಟಂಥ ಒಂದು ಸಣ್ಣ ಸಂಕಟವೂ ಆಯಿತು.

ಕೊನೆಗೆ ಮಂಗಳ. ನಾಲ್ಕೂ ಶಾಲೆಯ ಮಕ್ಕಳು ಒಟ್ಟಿಗೆ ಹೂ ಹಿಡಿದು ಮುಂದೆ ಬರಬೇಕು. ನೂಕುನುಗ್ಗಲಿನಲ್ಲಿ ಶಿವಾನಿಯ ಹಳದಿ ಸೀರೆ ಚಾಮರಾಜನಗರದ ಹಸಿರು ಸೀರೆಗಳ ನಡುವೆ ಸಿಕ್ಕಿಕೊಂಡಿತು. ತಾಳ ಬಿದ್ದಿತು. ಹಸಿರು ಸೀರೆಯ ಎಂಟೂ ಹುಡುಗಿಯರು ಒಮ್ಮೆಗೇ ಬಲಕ್ಕೆ ಸರಿದರು, ಅಲ್ಲಿಲ್ಲದ ಕಂಬವನ್ನು ಬಳಸಿದರು. ಅವರ ನಡುವೆ ಹಳದಿ ಸೀರೆಯೂ ಬಳಸಿತು, ಅಷ್ಟೇ ಅಳತೆಗೆ, ಅಷ್ಟೇ ಒಯ್ಯಾರದಲ್ಲಿ. ನೆಟ್ಟಗೆ ಬಂದ ಗುಂಡ್ಲುಪೇಟೆಯ ಹುಡುಗಿಯೊಬ್ಬಳು ಅವರಿಗೆ ತಗುಲಿ, ಹೂ ಬೀಳಿಸಿ, ನಾಲಿಗೆ ಕಚ್ಚಿಕೊಂಡಳು. ಸಭೆ ನಕ್ಕಿತು. ಮುಂದಿನ ಸಾಲಿನಲ್ಲಿ ತಾಳ ಹಾಕುತ್ತಿದ್ದ ಕೈ ನಿಂತಿತು.

ಸುಧಾಮಣಿ ಹಿಂದಿನ ಕೋಣೆಗೆ ಬರುವಷ್ಟರಲ್ಲಿ ಗಂಗಾಧರಸ್ವಾಮಿ ಮೇಷ್ಟರು ಆಗಲೇ ಅಲ್ಲಿ ಕುರ್ಚಿಯಲ್ಲಿ ಕೂತಿದ್ದರು. ಎದುರಿಗೆ ಶಿವಾನಿ.

“ನನ್ನ ಮಕ್ಕಳಿಗೆ ನಾನು ಕಲಿಸ್ದೆ, ಅವಕ್ಕೆ ಕಂಬ ಗೊತ್ತು,” ಎನ್ನುತ್ತಿದ್ದರು. “ಕಂಬ ಕಿತ್ತು ಟೈಲ್ಸ್ ಹಾಕ್ಸಿ ಹನ್ನೆರಡು ವರ್ಷ ಆಯ್ತು, ನಾನೇ ಇನ್ನೂ ಬಿಟ್ಟಿಲ್ಲ. ನೀನು ಗುಂಡ್ಲುಪೇಟೆ ಕೂಸು. ನಿಂಗ್ಯಾರು ಹೇಳಿಕೊಟ್ಟೋರು?”

ಶಿವಾನಿ ಬಾಗಿಲ ಕಡೆ ಬೆರಳು ತೋರಿಸಿದಳು.

ಬಾಗಿಲ ಹಿಂದೆ ಸರಿಯಲು ಈ ಸಲ ಜಾಗವಿರಲಿಲ್ಲ. ಮುದುಕರು ಕನ್ನಡಕ ಮೇಲೇರಿಸಿ ಬಹಳ ಹೊತ್ತು ನೋಡಿದರು.

“ಈಗ ಬರ್ತೀನಿ ಅಂದಿದ್ದೆ,” ಎಂದರು.

“ಹೂಂ ಮೇಷ್ಟ್ರೇ.”

“ಅಜ್ಜಿ ಹೆಂಗಿದ್ದಾರೆ?”

“ಹೋಗಿ ಇಪ್ಪತ್ತು ವರ್ಷ ಆಯ್ತು.”

“ಪಾಪ,” ಎಂದರು ಮೇಷ್ಟರು, ನಿನ್ನೆ ತೀರಿಕೊಂಡವರಿಗೆ ಮರುಗುವಂತೆ.

ಸುಧಾಮಣಿ ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು ಒಳಗೆ ಬಂದಳು. ಶಿವಾನಿ ಮೇಷ್ಟರ ಮುಖ ನೋಡಿದಳು, ತಾಯಿಯ ಮುಖ ನೋಡಿದಳು, ಆಮೇಲೆ ತಾಯಿಯ ಕಾಲ ಕೆಳಗಿನ ನೆಲ ನೋಡಿದಳು. ಬಸ್ಸಿನಿಂದ ಹೊತ್ತು ತಂದ ಮಾತು ಕೊನೆಗೂ ಹೊರಗೆ ಬಂತು.

“ಅಮ್ಮಾ, ಹಂಗಾದ್ರೆ ನಿನ್ನ ಕ್ಲಾಸು ಇನ್ನೂ ಮುಗ್ದೇ ಇಲ್ವಾ?”