ಮಹಾರಾಣಿಯ ಮೆತ್ತನೆ ಹಾಸಿಗೆ

ಸೃಷ್ಟಿಕರ್ತನು ಹಂದಿಗೆ ಎರಡು ಸಾಲು ಮೊಲೆಗಳನ್ನು ಧಾರಾಳವಾಗಿಯೇ ಕೊಟ್ಟ. ಅವುಗಳನ್ನು ನೆಲಕ್ಕೆ ಅಷ್ಟು ಹತ್ತಿರ ಇಟ್ಟದ್ದೇಕೆ ಎಂದು ಮಾತ್ರ ಯಾರೂ ಅವನನ್ನು ಕೇಳಿರಲಿಲ್ಲ. ಆ ಬೆಳಿಗ್ಗೆ ಬಡಗಿಯ ಹೆಂಡತಿ ಕೇಳಿದಳು, ಅದೂ ಹಂದಿಗೂಡಿನ ನಡುವೆ ನಿಂತು, ಸೊಂಟದ ಮೇಲೆ ಕೈಯಿಟ್ಟು.

ಅವಳು ಮುದ್ದಿನಿಂದ ಮಹಾರಾಣಿ ಎಂದು ಕರೆಯುವ ಹಂದಿ ಮೊನ್ನೆ ಹೆತ್ತಿತ್ತು. ಇಂದು ಅದರ ಮೈ ಕೆಂಡ, ಕೆಚ್ಚಲು ಕಲ್ಲು, ಹಾಲು ನಿಂತಿತ್ತು. ಮೊಲೆಗಳನ್ನೆಲ್ಲ ಅಡಿಗೆ ಹಾಕಿಕೊಂಡು ಬೋರಲು ಮಲಗಿ, ಮರಿಗಳು ಹತ್ತಿರ ಬಂದರೆ ಗುರ್ರೆನ್ನುತ್ತಿತ್ತು. ತಾಯಿ ಬೇಗ ಮಗ್ಗುಲಾಗದಿದ್ದರೆ ಎಲ್ಲಕ್ಕಿಂತ ಚಿಕ್ಕ ಮರಿ, ಅವಳು ಗುಬ್ಬಿ ಎಂದು ಕರೆಯುವುದು, ಉಳಿಯುವಂತಿರಲಿಲ್ಲ.

“ಕಣ್ಣು ಬಿತ್ತು ಕಣೇ,” ಎಂದ ಬಡಗಿ. “ನಮ್ಮ ಹಾಸಿಗೆ ನೋಡಿ ಯಾರೋ ಹೊಟ್ಟೆ ಉರ್ಕೊಂಡಿದಾರೆ.”

ಹಾಸಿಗೆಯೆಂದರೆ ಅವನ ಗರಗಸದಿಂದ ಉದುರಿದ ಹಸಿಮರದ ಹೊಟ್ಟು. ಗೋಣಿಗಟ್ಟಲೆ ಹೊತ್ತು ತಂದು ತಾನೇ ದಪ್ಪಗೆ ಹರಡಿದ್ದ. ಧೂಳೇಳಬಾರದೆಂದು ದಿನಾ ಅದರ ಮೇಲೆ ನೀರನ್ನೂ ಚಿಮುಕಿಸುತ್ತಿದ್ದ. ತನ್ನ ಕೆಲಸದ ಕೋಣೆಯಲ್ಲಿ ಅವನು ಹಾಗೆಯೇ ಮಾಡುತ್ತಿದ್ದದ್ದು.

ದನದ ಡಾಕ್ಟರಮ್ಮ ಬಂದು ಕೆಚ್ಚಲು ಮುಟ್ಟಿ ನೋಡಿದರು. “ಕೆಚ್ಚಲುಬಾವು. ಮೊಲೆತೊಟ್ಟಿಂದ ಕ್ರಿಮಿ ಒಳಗೆ ಹೋಗಿದೆ. ರಕ್ತದ ಬಿಳಿಕಣಗಳು ಅಲ್ಲಿಗೆ ನುಗ್ಗಿ ಅವನ್ನ ನುಂಗ್ತಾ ಇವೆ. ಊತ, ಬಿಸಿ, ಜ್ವರ ಎಲ್ಲಾ ಆ ಜಗಳದ್ದೇ. ಹೆತ್ತ ಹೊಸದರಲ್ಲಿ ಈ ಕಣಗಳು ಬರೋದು ಸ್ವಲ್ಪ ತಡ, ಕ್ರಿಮಿಗೆ ಅದೇ ಸಲೀಸು.”

“ಸರಿ ಡಾಕ್ಟರಮ್ಮ, ಹಾಲು ಯಾಕೆ ನಿಲ್ಲಬೇಕು?” ಎಂದಳು ಹೆಂಡತಿ.

“ಮನೇಲಿ ಹೊಡೆದಾಟ ಆಗ್ತಿದ್ರೆ ಅಡುಗೆ ಆಗುತ್ತೇನಮ್ಮಾ?”

“ನಮ್ಮನೇಲಿ ಆಗುತ್ತೆ,” ಎಂದ ಬಡಗಿ. “ಉಪ್ಪು ಸ್ವಲ್ಪ ಜಾಸ್ತಿ ಬೀಳುತ್ತೆ, ಅಷ್ಟೇ.”

ಡಾಕ್ಟರಮ್ಮ ಕ್ರಿಮಿಗೊಂದು, ಊತಕ್ಕೊಂದು, ಹಾಲಿಳಿಯಲೊಂದು ಸೂಜಿ ಚುಚ್ಚಿದರು. ಆಮೇಲೆ ಬಗ್ಗಿ ಒಂದು ಹಿಡಿ ಹೊಟ್ಟು ತೆಗೆದು ಹಿಂಡಿದರು. ಕಂದುನೀರು ತೊಟ್ಟಿಕ್ಕಿತು.

“ಇದನ್ನ ಹಾಸಿದ್ದು ಯಾರು?”

ಬಡಗಿ ಎದೆಯುಬ್ಬಿಸಿ ಮುಂದೆ ಬಂದ. “ನಾನೇ. ಮೆತ್ತಗಿದೆ ಅಲ್ವಾ?”

“ಕ್ರಿಮಿಗಳಿಗೂ ಹಾಗೇ ಅನ್ಸಿದೆ. ಒದ್ದೆ ಹೊಟ್ಟಲ್ಲಿ ಸಂಸಾರ ಹೂಡಿ, ಅಲ್ಲಿಂದ ಮೊಲೆಗೆ ಹತ್ತಿವೆ.”

ಹೆಂಡತಿ ಗಂಡನನ್ನು ನೋಡಿದಳು, ಮಾಡಿನ ಸಂದಿಯಿಂದ ಕಾಣುವ ಆಕಾಶವನ್ನು ನೋಡಿದಳು, ಕೈ ಮುಗಿದಳು. “ತಪ್ಪಾಯ್ತಪ್ಪಾ. ಬೆಳಿಗ್ಗೆಯಿಂದ ನಿನ್ನನ್ನ ಬೈತಿದ್ದೆ. ನೀನಲ್ಲ, ಇವರು.”

ಮೇಲಿನವನು ಇಂಥ ಕ್ಷಮಾಪಣೆಗಳಿಗೆ ಒಗ್ಗಿಹೋದವನು, ಸುಮ್ಮನಿದ್ದ. ಬಡಗಿ ಮಾತ್ರ ಸುಮ್ಮನಿರುವಂತಿರಲಿಲ್ಲ. ಹೊಟ್ಟನ್ನೆಲ್ಲ ಬಾಚಿ ಹೊರಹಾಕಿ, ನೆಲ ತೊಳೆದು ಒಣಗಿಸಿ, ಒಣಹುಲ್ಲು ಹರಡಿದ. ಆಮೇಲೆ ಗುಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಾಟಲಿ ಹಿಡಿದ. ಅದು ಮೂತಿ ತಿರುಗಿಸಿತು. ಹಾಲು ಅವನ ಲುಂಗಿಯೆಲ್ಲ ಸುರಿಯಿತು.

“ಕುಡಿಯೋ ಮಾರಾಯ. ನನ್ನ ಮರ್ಯಾದೆ ಉಳಿಸೋ.”

“ಇಲ್ಲದ್ದನ್ನ ಅದು ಎಲ್ಲಿಂದ ಉಳಿಸುತ್ತೆ, ರೀ?”

ಹೊತ್ತು ಇಳಿಯುವಾಗ ಗುಬ್ಬಿ ಕೊನೆಗೂ ಬಾಯಿ ತೆರೆದು ಒಂದು ಗುಟುಕು ಎಳೆಯಿತು. ಬಡಗಿಯ ಮುಖ ಅರಳಿತು. ಅದೇ ಗಳಿಗೆಯಲ್ಲಿ ಮಹಾರಾಣಿ ನಿಟ್ಟುಸಿರುಬಿಟ್ಟು, ಹುಲ್ಲಿನ ಮೇಲೆ ನಿಧಾನವಾಗಿ ಮಗ್ಗುಲಾಗಿ, ಗೊರ್ ಗೊರ್ ಎಂದು ಮೆಲ್ಲಗೆ ಕರೆಯಿತು. ಗುಬ್ಬಿ ಬಾಟಲಿಯನ್ನೂ ಬಡಗಿಯನ್ನೂ ಒದ್ದು ಹಾರಿ, ಒಡಹುಟ್ಟಿದವರನ್ನು ತುಳಿದುಕೊಂಡು ಹಿಂಬದಿಯ ತನ್ನದೇ ಮೊಲೆಗೆ ಬಾಯಿ ಹಾಕಿತು.

ಬಡಗಿ ಖಾಲಿ ತೊಡೆಯನ್ನೇ ನೋಡುತ್ತ ಕುಳಿತ.

“ಬೇಜಾರು ಮಾಡ್ಕೋಬೇಡಿ,” ಎಂದಳು ಹೆಂಡತಿ, ಕಣ್ಣೊರೆಸಿಕೊಳ್ಳುತ್ತ. “ನಿಮ್ಮ ತೊಡೆ ಕೂಡ ಒದ್ದೆ ಆಗಿತ್ತು.”