ಏಳನೇ ಉಪಾಯ

ಗಿಡ ಒಣಗಿಸುವುದರಲ್ಲಿ ಅವಳದು ಎತ್ತಿದ ಕೈ. ಕಿಟಕಿಯಲ್ಲಿಟ್ಟ ಕಳ್ಳಿಗಿಡ ಕೂಡ ಅವಳ ಆರೈಕೆ ತಾಳಲಾರದೆ ಪ್ರಾಣ ಬಿಟ್ಟಿತ್ತು. ಅಂಥವಳು ‘ಮನೆಯೊಳಗೆ ಹಸಿರು ನಳನಳಿಸಲು ಹತ್ತು ಉಪಾಯ’ ಅಂತ ಬರೆದಳು. ಅದನ್ನು ಸಾವಿರಾರು ಜನ ಓದಿದರು, ವೆಬ್‌ಸೈಟಿನವರು ದುಡ್ಡೂ ಕೊಟ್ಟರು. ಲೋಕ ಹೀಗೂ ನಡೆಯುತ್ತದೆ.

ಮೊದಲು ಅವಳು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಪ್ರೂಫ್ ನೋಡುತ್ತಿದ್ದಳು. ಪ್ರೆಸ್ಸು ಮುಚ್ಚಿದ ಮೇಲೆ ಊಟದ ಮೇಜಿನ ಒಂದು ತುದಿಯೇ ಆಫೀಸಾಯಿತು. ಸೊಳ್ಳೆ ಓಡಿಸುವುದು, ಶೂ ವಾಸನೆ ಹೋಗಲಾಡಿಸುವುದು, ಅತ್ತೆಯ ಮನಸ್ಸು ಗೆಲ್ಲುವುದು ಹೀಗೆ ವೆಬ್‌ಸೈಟಿನ ಹುಡುಗಿ ಫೋನಿನಲ್ಲಿ ಹೇಳಿದ್ದಕ್ಕೆಲ್ಲ ಉಪಾಯ ಬರೆದುಕೊಡಬೇಕು. ಎರಡು ಮಾತಿನಲ್ಲಿ ಮುಗಿಯುವುದನ್ನು ಎರಡು ಪುಟ ಎಳೆಯಬೇಕು. ಅವಳ ಗಂಡ ಲಿಫ್ಟ್ ರಿಪೇರಿಯವನು. ಸಂಜೆ ಚಪ್ಪಲಿ ಬಿಡುತ್ತಲೇ “ತೌಡು ಕುಟ್ಟಿದ್ದಾಯ್ತಾ?” ಅಂತ ಕೇಳುತ್ತಿದ್ದ.

ಬರೆದದ್ದನ್ನು ಎಲ್ಲರಿಗಿಂತ ಮೊದಲು ಕೇಳುವವಳು ಅಕ್ಕ. ಪಕ್ಕದ ಬೀದಿಯಲ್ಲಿ ಅವಳದು ಟೈಲರಿಂಗ್ ಅಂಗಡಿ. ಸಂಜೆ ಬಾಗಿಲೆಳೆದು, ಅಳತೆ ಟೇಪನ್ನು ಕೊರಳಲ್ಲೇ ನೇತಾಡಿಸಿಕೊಂಡು ಬಂದು ಸೋಫಾದ ಮೇಲೆ ಕಾಲು ಚಾಚುವಳು. “ಓದೇ, ಇವತ್ತು ಊರಿಗೆ ಏನು ಬುದ್ಧಿ ಹೇಳಿದೀಯ ಕೇಳೋಣ” ಅನ್ನುವಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗುವಳು. ಆ ನಗು ಕೇಳಿದ ಮೇಲೆಯೇ ತಂಗಿಗೆ ಅವತ್ತಿನ ಕೆಲಸ ಮುಗಿಯಿತು ಅನ್ನಿಸುತ್ತಿದ್ದದ್ದು.

ಅಂಥ ಒಂದು ಸಂಜೆ ಅಕ್ಕ ತನ್ನದೇ ಫಜೀತಿ ಹೇಳಿದಳು. ಒಬ್ಬ ಮದುವೆ ಗಂಡಿನ ಕೋಟು ಹೊಲಿಯುವಾಗ ಅವಸರದಲ್ಲಿ ಎಡತೋಳು ಮೂರು ಬೆರಳು ಗಿಡ್ಡವಾಗಿಬಿಟ್ಟಿತ್ತಂತೆ. ಬಿಚ್ಚಿ ಹೊಲಿಯಲು ಹೊತ್ತಿಲ್ಲ. ‘ಎಡಗೈ ಜೇಬಲ್ಲಿ ಇಟ್ಕೊಂಡ್ರೆ ಗತ್ತಾಗಿ ಕಾಣುತ್ತೆ’ ಅಂತ ಹೇಳಿ ಕಳಿಸಿದಳಂತೆ. ಪಾಪ, ಮದುವೆ ಫೋಟೋಗಳಲ್ಲೆಲ್ಲ ಆತ ಜೇಬಿಗೆ ಕೈಯಿಟ್ಟುಕೊಂಡೇ ನಿಂತಿದ್ದಾನೆ. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. “ಯಾರ ಹತ್ರಾನೂ ಬಾಯಿ ಬಿಡ್ಬೇಡ ಕಣೇ, ಅಂಗಡಿ ಮಾನ ಹೋಗುತ್ತೆ” ಅಂದಳು ಅಕ್ಕ.

ತಂಗಿ ಬಾಯಿ ಬಿಡಲಿಲ್ಲ, ಬರೆದಳು. “ನಿಜವಾಗಿ ನಡೆದಿದ್ದು ಏನಾದ್ರೂ ಕೊಡಿ ಮೇಡಂ, ಈಗ ಅದೇ ಓಡೋದು” ಅಂತ ವೆಬ್‌ಸೈಟಿನ ಹುಡುಗಿ ಪ್ರಾಣ ತಿನ್ನುತ್ತಿದ್ದಳು. ಹೆಸರು ಹಾಕದಿದ್ದರೆ ಯಾರಿಗೆ ಗೊತ್ತಾಗುತ್ತದೆ ಅಂದುಕೊಂಡಳು. ಗೊತ್ತಾಗದೆ ಏನು? ಲೇಖನ ಫೋನಿನಿಂದ ಫೋನಿಗೆ ಹಾರಿ ಕೊನೆಗೆ ಆ ಗಂಡಿನ ತಾಯಿಯ ಕೈಗೇ ಬಂತು. ಆಕೆ ಅಂಗಡಿಗೆ ಬಂದು, ಗಿರಾಕಿಗಳ ಮುಂದೆಯೇ ಅದನ್ನು ಗಟ್ಟಿಯಾಗಿ ಓದಿ ಹೋದರು.

ಅಕ್ಕ ಜಗಳಕ್ಕೆ ಬರಲಿಲ್ಲ. ಬರುವುದನ್ನೇ ನಿಲ್ಲಿಸಿದಳು. ಫೋನ್ ಮಾಡಿದರೆ “ಕೆಲಸ ಇದೆ” ಅಂತ ಇಡುತ್ತಿದ್ದಳು. ಹೊಲಿಯಲು ಕೊಟ್ಟಿದ್ದ ಪರದೆಗಳನ್ನು ಭಾವನ ಕೈಯಲ್ಲಿ ಕಳಿಸಿದಳು. ಯಾವಾಗಲೂ ಹೆಗಲ ಮೇಲೆ ಹಾಕಿಕೊಂಡು ಬಂದು ಮುಖದ ಮೇಲೆ ಎಸೆಯುತ್ತಿದ್ದವಳು ಈ ಸಲ ಇಸ್ತ್ರಿ ಮಾಡಿ, ಮಡಿಚಿ, ಅಂಗಡಿ ಹೆಸರಿನ ಕವರಿನಲ್ಲಿ ಹಾಕಿದ್ದಳು. ತಂಗಿ ಆ ಕವರನ್ನು ತಿರುಗಿಸಿ ತಿರುಗಿಸಿ ನೋಡಿದಳು. ಬೈಸಿಕೊಳ್ಳುವುದಕ್ಕೆ ಅವಳು ತಯಾರಿದ್ದಳು, ಅಕ್ಕನಿಗೆ ಗಿರಾಕಿಯಾಗುವುದಕ್ಕಲ್ಲ.

ಇಷ್ಟರಲ್ಲಿ ಹುಡುಗಿಯ ಫೋನು ಬಂತು. “ಮೇಡಂ, ‘ಮುನಿಸಿಕೊಂಡವರನ್ನು ಒಲಿಸಿಕೊಳ್ಳಲು ಏಳು ಉಪಾಯ’. ಸಂಜೆಯೊಳಗೆ ಬೇಕು. ‘ಕ್ಷಮಿಸು’ ಅನ್ನೋ ಪದ ಆದಷ್ಟು ಜಾಸ್ತಿ ಬರ್ಲಿ, ಜನ ಅದನ್ನೇ ಹುಡುಕೋದು.”

ಹೂ ಕೊಡಿ, ಉದ್ದದ ಮೆಸೇಜು ಕಳಿಸಿ, ಇಷ್ಟದ ತಿಂಡಿ ಮಾಡಿ... ಆರು ಉಪಾಯಗಳಿಗೆ ಸಲೀಸಾಗಿ ತೌಡು ಕುಟ್ಟಿದಳು. ಏಳನೆಯದು ತಾನಾಗಿಯೇ ಬಂತು. ಚಿಕ್ಕಂದಿನಲ್ಲಿ ಅವಳಿಗೆ ‘ಕ್ಷ’ ನಾಲಿಗೆಗೆ ಹತ್ತುತ್ತಿರಲಿಲ್ಲ. ಅಕ್ಕನ ಬೊಂಬೆಯ ಕಾಲು ಮುರಿದ ದಿನ ಅಮ್ಮ, “ಕ್ಷಮಿಸು ಅನ್ನು ಅಕ್ಕನಿಗೆ” ಅಂದರೆ, “ಕಿಸಮಿಸು” ಅಂದಿದ್ದಳು. ಅಳುತ್ತಿದ್ದ ಅಕ್ಕ ತಿನ್ನುವ ಕಿಸ್‌ಮಿಸ್ ಅಂದುಕೊಂಡು, ಅಳು ಮರೆತು ಕೈ ಚಾಚಿದ್ದಳು. “ಎಲ್ಲಿ, ಕೊಡು!” ಅಮ್ಮ ಡಬ್ಬಿಯಿಂದ ನಾಲ್ಕು ಒಣದ್ರಾಕ್ಷಿ ತೆಗೆದುಕೊಟ್ಟು ರಾಜಿ ಮಾಡಿಸಿದ್ದಳು. ಅಂದಿನಿಂದ ಅಕ್ಕತಂಗಿಯರ ಜಗಳಗಳೆಲ್ಲ ಆ ಮಾತಿನಿಂದಲೇ ಮುಗಿಯುತ್ತಿದ್ದವು. ಕಂಡವರ ಅಕ್ಷರತಪ್ಪನ್ನೆಲ್ಲ ತಿದ್ದಿದವಳು ಆ ಒಂದು ತಪ್ಪನ್ನು ಮಾತ್ರ ಮುಟ್ಟಿರಲಿಲ್ಲ.

ಅದನ್ನೆಲ್ಲ ಹಾಗೆಯೇ ಬರೆದಳು. ಅಕ್ಕ ಇದನ್ನು ಓದಿದರೆ ಸಾಕು, ಕರಗಿಬಿಡುತ್ತಾಳೆ ಅಂದುಕೊಂಡಳು.

ರಜೆಯೆಂದು ಮನೆಯಲ್ಲಿದ್ದ ಗಂಡ ಬೆನ್ನ ಹಿಂದೆ ನಿಂತು ಓದಿದ. “ಇದು ತೌಡಲ್ಲ ಕಣೇ, ಕಾಳು” ಅಂದ. ಆಮೇಲೆ, ಏನೂ ಮನಸ್ಸಿನಲ್ಲಿಟ್ಟುಕೊಳ್ಳದೆ ಕೇಳಿದ: “ಇದೂ ಅಕ್ಕಂದೇನಾ?”

ಅವಳು ಬರೆದದ್ದನ್ನು ಮತ್ತೊಮ್ಮೆ ನೋಡಿದಳು. ಹೌದಲ್ಲ, ಮತ್ತೆ ಅದನ್ನೇ ಮಾಡುತ್ತಿದ್ದಾಳೆ! ಕ್ಷಮೆ ಕೇಳುವುದಕ್ಕೂ ವೆಬ್‌ಸೈಟಿನಿಂದ ದುಡ್ಡು ತೆಗೆದುಕೊಳ್ಳುತ್ತಿದ್ದಾಳೆ. ಏಳನೆಯದನ್ನು ಪೂರ್ತಿ ಅಳಿಸಿ, ಆರನ್ನೇ ಕಳಿಸಿ, ಚಪ್ಪಲಿ ಮೆಟ್ಟಿಕೊಂಡು ಹೊರಟಳು. ಬೀದಿ ತಿರುವಿನ ಅಂಗಡಿಯಲ್ಲಿ ಒಣದ್ರಾಕ್ಷಿಯ ಪೊಟ್ಟಣ ಕೊಂಡಳು.

ಅಕ್ಕ ಒಬ್ಬಳೇ ಇದ್ದಳು. ತುಟಿಗಳ ನಡುವೆ ಗುಂಡುಪಿನ್ನು ಕಚ್ಚಿಕೊಂಡು, ಬಟ್ಟೆಯ ಮೇಲೆ ಚಾಕ್‌ಪೀಸಿನಲ್ಲಿ ಗೆರೆ ಎಳೆಯುತ್ತಿದ್ದಳು. ತಂಗಿಯನ್ನು ಕಂಡರೂ ಕೈ ನಿಲ್ಲಿಸಲಿಲ್ಲ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಬಾಗಿಲಲ್ಲೇ ಕೈಕೊಟ್ಟಿತು.

“ಕಿಸಮಿಸು” ಅಂದಳು.

ಅಕ್ಕನ ಕೈ ನಿಂತಿತು. ಒಂದೊಂದೇ ಪಿನ್ನು ತೆಗೆದು ಮೇಜಿನ ಮೇಲಿನ ಪುಟ್ಟ ದಿಂಬಿಗೆ ಚುಚ್ಚಿದಳು.

“ಇದನ್ನೂ ಬರೆದ್ಯಾ?”

“ಅಂದ್ರೆ?”

“ಈ ಮಾತನ್ನ. ದಿನಾ ನಿನ್ನ ವೆಬ್‌ಸೈಟಲ್ಲಿ ಹುಡುಕ್ತಿದ್ದೆ ಕಣೇ. ಕೋಟು ಹೋದ್ರೆ ಹೋಯ್ತು. ಇದನ್ನೂ ಹಾಕಿಬಿಟ್ಟಿದ್ರೆ ನಮ್ಮಿಬ್ಬರದು ಅಂತ ಏನು ಉಳೀತಿತ್ತು?”

ಇಲ್ಲ ಅನ್ನಬಹುದಿತ್ತು. ತಂಗಿ ತಲೆ ತಗ್ಗಿಸಿದಳು. “ಬರೆದಿದ್ದೆ ಅಕ್ಕಾ. ಅಳಿಸಿ ಬಂದೆ.”

ಅಷ್ಟರಲ್ಲಿ ತಂಗಿಯ ಫೋನು ಹೊಡೆದುಕೊಂಡಿತು. ಹುಡುಗಿಯ ದನಿ ಅಂಗಡಿಗೆಲ್ಲ ಕೇಳುವಂತಿತ್ತು. “ಮೇಡಂ, ಹೆಡ್ಡಿಂಗಲ್ಲಿ ಏಳು ಅಂತಿದೆ, ಆರೇ ಬಂದಿದೆ. ಏಳನೇದು ಎಲ್ಲಿ?”

“ಏಳನೇದು ಇಲ್ಲಮ್ಮ. ಹೆಡ್ಡಿಂಗ್ ತಿದ್ಕೊಂಡುಬಿಡು” ಅಂದು ಇಟ್ಟಳು.

ಅಕ್ಕ ಚಾಕ್‌ಪೀಸಿನ ಪುಡಿ ಮೆತ್ತಿದ ಕೈಯನ್ನು ಸೆರಗಿಗೆ ಒರೆಸಿಕೊಂಡು ಮುಂದೆ ಚಾಚಿದಳು.

“ಎಲ್ಲಿ, ಕೊಡು.”