ಅಣ್ಣನ ಸಹಿ

ಕುಶನ್ ಅಂಗಡಿಯ ಅಣ್ಣತಮ್ಮಂದಿರಲ್ಲಿ ತಮ್ಮನಿಗೆ ಮೂವತ್ತೆಂಟು ವರ್ಷ. ಶಾಲೆಯ ಅಂಕಪಟ್ಟಿಯಿಂದ ಗ್ಯಾಸ್ ಪುಸ್ತಕದವರೆಗೆ ಅವನ ಎಲ್ಲ ಕಾಗದಗಳಿಗೂ ಸಹಿ ಹಾಕಿದವನು ಅಣ್ಣ. ಅಣ್ಣ ಇಲ್ಲದಾಗ ಕೊರಿಯರ್ ಬಂದರೆ ತಮ್ಮ ಹಾಕುತ್ತಿದ್ದುದೂ ಅಣ್ಣನ ಸಹಿಯನ್ನೇ, ಕೊನೆಯ ಗೀಟಿನ ಬಾಲ ಸಮೇತ.

ಸೋಫಾ ಎತ್ತಿ ಎತ್ತಿ ಅವನಿಗೆ ಹರ್ನಿಯಾ ಆಗಿತ್ತು. ಆಪರೇಷನ್ನಿಗೆ ಮುಂಚಿನ ರಕ್ತಪರೀಕ್ಷೆಗಳ ಪಟ್ಟಿಯಲ್ಲಿ ಎಚ್‌ಐವಿ ಎಂದು ಕಂಡಾಗಿನಿಂದ ಅವನ ಬಲಗಾಲು, ಅಲ್ಲಿಲ್ಲದ ಹೊಲಿಗೆ ಯಂತ್ರವೊಂದನ್ನು ತುಳಿಯುತ್ತಲೇ ಇತ್ತು. ಆರು ವರ್ಷದ ಹಿಂದೆ ಸಿನಿಮಾ ಮಂದಿರವೊಂದಕ್ಕೆ ಸೀಟು ಕೂರಿಸಲು ಮೂರು ವಾರ ಪರವೂರಿನಲ್ಲಿದ್ದ. ಆ ಮೂರು ವಾರದಲ್ಲಿ ಸೀಟಿನ ಸಂಗತಿಯಷ್ಟೇ ಅಣ್ಣನಿಗೆ ಗೊತ್ತು. ಉಳಿದದ್ದು ಅಣ್ಣನಿಗೆ ತಿಳಿದರೆ ಅತ್ತಿಗೆಗೆ, ಅತ್ತಿಗೆಗೆ ತಿಳಿದರೆ ಇಡೀ ಬೀದಿಗೆ.

“ಒಪ್ಪಿಗೆ ಫಾರಂ ಕೊಡಿ ಮೇಡಂ, ಗೀಚಿ ಬಿಡ್ತೀನಿ,” ಅಂದ ಅಣ್ಣ, ಆಸ್ಪತ್ರೆಯ ಎಚ್‌ಐವಿ ಸಮಾಲೋಚನೆ ಕೋಣೆಗೆ ತಮ್ಮನ ಜೊತೆ ನುಗ್ಗಿ. ಪೆನ್ನಿನ ಮುಚ್ಚಳ ಆಗಲೇ ಹಲ್ಲಿನ ನಡುವೆ ಇತ್ತು.

“ಪರೀಕ್ಷೆ ನಿಮಗಾ?” ಸಮಾಲೋಚಕಿ ಕೇಳಿದಳು.

“ನನಗ್ಯಾಕೆ? ಇವನಿಗೆ.”

“ಹಾಗಾದ್ರೆ ನೀವು ಹೊರಗಿರಿ.”

“ನಾನೇನು ಹೊರಗಿನವನಾ? ಇವನ ಮೂಗು ಒರೆಸಿ ಬೆಳೆಸಿದೋನು!”

“ಮೂಗು ಒರೆಸೋದಿದ್ರೆ ಕರೀತೀನಿ.”

ಪೆನ್ನನ್ನು ಅವನ ಕೈಯಿಂದ ತೆಗೆದು ತಮ್ಮನ ಮುಂದಿಟ್ಟು ಬಾಗಿಲು ಹಾಕಿದಳು. ಮಬ್ಬು ಗಾಜಿನಾಚೆ ಅಣ್ಣನ ನೆರಳು ಆಚೆಗೂ ಈಚೆಗೂ ಓಡಾಡತೊಡಗಿತು.

“ಅವಸರ ಇಲ್ಲ. ಇಲ್ಲೇ ಬೆರಳು ಚುಚ್ಚಿ ನೋಡಬಹುದು, ಅರ್ಧ ಗಂಟೆ. ಏನಾದ್ರೂ ಕಂಡ್ರೆ ಬೇರೆ ಬೇರೆ ಕಿಟ್‌ನಲ್ಲಿ ಮತ್ತೆ ನೋಡಿಯೇ ಹೇಳೋದು. ಇಲ್ಲಿ ಮುಜುಗರ ಅಂದ್ರೆ ಬೇರೆ ಕೇಂದ್ರಕ್ಕೆ ಹೋಗಿ. ಬೇಡವೇ ಬೇಡ ಅಂದ್ರೂ ನಿಮ್ಮ ಆಪರೇಷನ್ ನಿಲ್ಲಲ್ಲ.”

“ಅಣ್ಣಂಗೆ ಹೇಳ್ತೀರಾ?”

“ನೀವು ಹೇಳಿ ಅಂದ್ರೆ ಮಾತ್ರ.”

“ಅವನೇ ಬಂದು ಕೇಳಿದ್ರೆ?”

“ಬಾಯಿದೆ, ಕೇಳ್ಲಿ. ನನಗೂ ಬಾಯಿದೆ, ಮುಚ್ಚಿಕೊಂಡಿರ್ತೀನಿ.”

ತುಳಿಯುತ್ತಿದ್ದ ತಮ್ಮನ ಕಾಲು ಒಂದು ಕ್ಷಣ ನಿಂತಿತು. “ಸರಿ, ಇಲ್ಲೇ ಮಾಡಿ,” ಎಂದವನೇ ಸರ್ರನೆ ಸಹಿ ಎಳೆದ. ಅವಳು ಫಾರಂ ಮೇಲಿನ ಹೆಸರು ನೋಡಿದಳು, ಸಹಿ ನೋಡಿದಳು, ಅವನನ್ನು ನೋಡಿದಳು.

“ಇದು ಯಾರ ಸಹಿ?”

ಸಹಿಯ ಜಾಗದಲ್ಲಿ ಬಾಲ ಸಮೇತ ಅಣ್ಣ ಕೂತಿದ್ದ. ತಮ್ಮನ ಕಿವಿ ಕೆಂಪಾಯಿತು. “ನನಗೆ ಇದೊಂದೇ ಬರೋದು.”

ಅವಳು ಫಾರಂ ಹರಿದು ಹೊಸದು ಕೊಟ್ಟಳು. “ನಿಮ್ಮದು ಹಾಕಿ. ಚೆನ್ನಾಗಿರಬೇಕು ಅಂತೇನಿಲ್ಲ.”

ಅವನು ತನ್ನ ಹೆಸರು ಬರೆದ. ಅಕ್ಷರಗಳು ಸಿನಿಮಾ ಸೀಟುಗಳಂತೆ ಒಂದರ ಪಕ್ಕ ಒಂದು ನೆಟ್ಟಗೆ ಕೂತವು.

ಅರ್ಧ ಗಂಟೆಯಲ್ಲಿ ಅಣ್ಣ ಮೂರು ಸಲ ಬಾಗಿಲು ತಳ್ಳಿ “ಮುಗೀತಾ?” ಎಂದ, ಮೂರು ಸಲವೂ ಬಾಗಿಲು ಅವನ ಮೂಗಿನ ಮೇಲೇ ಮುಚ್ಚಿತು. ಕೊನೆಗೆ ಸಮಾಲೋಚಕಿ ಕುರ್ಚಿ ಹತ್ತಿರ ಎಳೆದುಕೊಂಡು ತಮ್ಮನೊಬ್ಬನಿಗೇ ಕೇಳುವಷ್ಟು ಮೆಲ್ಲಗೆ ಫಲಿತಾಂಶ ಹೇಳಿದಳು.

ಅವನು ಹೊರಬರುತ್ತಲೇ ಅಣ್ಣ ಅಭ್ಯಾಸಬಲದಿಂದ ಅಂಗೈ ಚಾಚಿದ. “ಎಲ್ಲಿ, ಕೊಡು.”

ಫಲಿತಾಂಶದ ಚೀಟಿ ತಮ್ಮನ ಒಳಜೇಬಿನಲ್ಲಿತ್ತು.

“ಹೇಳೋದಿದ್ರೆ ನಾನೇ ಹೇಳ್ತೀನಿ, ಅಣ್ಣ,” ಎಂದು ತಮ್ಮ ಆ ಅಂಗೈಯಲ್ಲಿ ಪೆನ್ನಿಟ್ಟು ಮೆಟ್ಟಿಲ ಕಡೆ ನಡೆದ.

ಅಣ್ಣ ಪೆನ್ನಿನ ಮುಚ್ಚಳಕ್ಕಾಗಿ ಜೇಬುಗಳನ್ನೆಲ್ಲ ತಡಕಿದ. ಅದು ಅವನ ಹಲ್ಲಿನ ನಡುವೆ ಅರ್ಧ ಸವೆದಿತ್ತು.